ಕಡಲು ಬಿರಿದಲ್ಲಿ ಹುಟ್ಟುವ ನೆಲ

1977ರ ಸೆಪ್ಟೆಂಬರಿನಲ್ಲಿ ಐಸ್‌ಲ್ಯಾಂಡಿನ ಉತ್ತರ ಭಾಗದ ಒಂದು ಕೊಳವೆಬಾವಿ ಲಾವಾ ಉಗುಳಿತು. ನೆಲದಡಿಯ ಬಿಸಿ ಉಗಿಯನ್ನು ಬಳಸಿಕೊಳ್ಳಲೆಂದು 1,100 ಮೀಟರಿಗೂ ಹೆಚ್ಚು ಆಳಕ್ಕೆ ಕೊರೆದಿದ್ದ ಬಾವಿ ಅದು. ಕ್ರಾಫ್ಲಾ ಜ್ವಾಲಾಮುಖಿಯ ಅಡಿಯಲ್ಲಿ ತುಂಬಿಕೊಂಡಿದ್ದ ಶಿಲಾಪಾಕ ನೆಲದೊಳಗಿನ ಬಿರುಕು ಹಿಡಿದು ಅಡ್ಡಡ್ಡಲಾಗಿ ಹಲವು ಕಿಲೋಮೀಟರ್ ನುಗ್ಗಿ ಬಂದು ಆ ಬಾವಿಯನ್ನು ತಾಕಿತ್ತು. ಸ್ವಲ್ಪ ಹೊತ್ತಿನಲ್ಲೇ ಸುಮಾರು 3 ಟನ್ ಕೆಂಡದ ಚೂರುಗಳು ಕೊಳವೆಯ ಬಾಯಿಂದ ಹೊರಬಿದ್ದವು. ಮನುಷ್ಯ ಕೊರೆದ ರಂಧ್ರದಿಂದ ಶಿಲಾಪಾಕ ಚಿಮ್ಮಿದ ಬಹಳ ಅಪರೂಪದ ಘಟನೆ ಇದು.

ಕ್ರಾಫ್ಲಾದ ಸುತ್ತ ಆಗ ನಡೆಯುತ್ತಿದ್ದದ್ದು ಬರಿಯ ಜ್ವಾಲಾಮುಖಿ ಸ್ಫೋಟ ಆಗಿರಲಿಲ್ಲ. 1975ರಿಂದ 1984ರವರೆಗೆ ಅಲ್ಲಿ 9 ಸಲ ಲಾವಾ ಹೊರಬಂತು. ಅಷ್ಟರಲ್ಲಿ ನೆಲವೇ ಎರಡು ಭಾಗವಾಗಿ ದೂರ ಸರಿದು, ಕೆಲವೆಡೆ 8 ಮೀಟರಿನಷ್ಟು ಅಗಲಿತ್ತು. ಭೂಮಿಯ ಹೊರಚಿಪ್ಪು ದೊಡ್ಡ ದೊಡ್ಡ ಫಲಕಗಳಾಗಿ ಒಡೆದಿದೆ. ಉತ್ತರ ಅಮೆರಿಕದ ಫಲಕ ಒಂದು ಕಡೆಗೆ, ಯೂರೇಶಿಯಾದ ಫಲಕ ಇನ್ನೊಂದು ಕಡೆಗೆ ಸರಿಯುವ ಗಡಿಯ ಮೇಲೆಯೇ ಐಸ್‌ಲ್ಯಾಂಡ್ ಕೂತಿದೆ. ಈ ಎರಡು ಫಲಕಗಳು ವರ್ಷಕ್ಕೆ 2 ಸೆಂಟಿಮೀಟರಿನಂತೆ ಸರಿಯುತ್ತವೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಗಡಿಯಲ್ಲಿ ಮಾತ್ರ ಆ ಲೆಕ್ಕ ಪ್ರತಿವರ್ಷ ಚುಕ್ತಾ ಆಗುವುದಿಲ್ಲ. ನೆಲ ಶತಮಾನಗಟ್ಟಲೆ ಬಿಗಿದುಕೊಂಡೇ ಇದ್ದು, ಒಂದು ದಿನ ಒಮ್ಮೆಲೇ ಹರಿಯುತ್ತದೆ. ಕ್ರಾಫ್ಲಾದಲ್ಲಿ ಅದಕ್ಕೆ ಮೊದಲು ಅಂಥದ್ದು ಆಗಿದ್ದು 1724ರಿಂದ 1729ರ ನಡುವೆ. ಸುಮಾರು 250 ವರ್ಷಗಳ ಬಾಕಿ 9 ವರ್ಷಗಳಲ್ಲಿ ತೀರಿತ್ತು.

ಐಸ್‌ಲ್ಯಾಂಡಿನಲ್ಲಿ ಕಣ್ಣಿಗೆ ಕಾಣುವ ಈ ಬಿರುಕು ಅಲ್ಲಿಗೇ ಮುಗಿಯುವುದಿಲ್ಲ. ಅದು ಅಟ್ಲಾಂಟಿಕ್ ಸಾಗರದ ನಟ್ಟನಡುವೆ ದಕ್ಷಿಣಕ್ಕೆ ಇಳಿಯುತ್ತದೆ, ಆಫ್ರಿಕಾವನ್ನು ಸುತ್ತಿ ಹಿಂದೂ ಮಹಾಸಾಗರಕ್ಕೆ ಬರುತ್ತದೆ, ಆಸ್ಟ್ರೇಲಿಯಾದ ಕೆಳಗೆ ಹಾದು ಪೆಸಿಫಿಕ್ ಸಾಗರವನ್ನು ಹೊಗುತ್ತದೆ. ಒಟ್ಟು ಉದ್ದ ಸುಮಾರು 65,000 ಕಿಲೋಮೀಟರ್. ಬಿರುಕಿನ ಎರಡೂ ಬದಿಗೆ ಎದ್ದು ನಿಂತ ಪರ್ವತಸಾಲನ್ನು ವಿಜ್ಞಾನಿಗಳು ಸಾಗರಮಧ್ಯ ಏಣು ಎನ್ನುತ್ತಾರೆ. ಭೂಮಿಯ ಮೇಲಿನ ಅತಿ ಉದ್ದದ ಪರ್ವತಶ್ರೇಣಿ ಅದೇ. ಅದರ ಬಹುಪಾಲು ಸರಾಸರಿ ಎರಡೂವರೆ ಕಿಲೋಮೀಟರ್ ನೀರಿನ ಅಡಿಯಲ್ಲಿದೆ. ಭೂಮಿಯಲ್ಲಿ ಮೇಲಕ್ಕೆ ಬರುವ ಒಟ್ಟು ಶಿಲಾಪಾಕದ ಮುಕ್ಕಾಲು ಪಾಲು ಹೊರಬರುವುದು ಇಲ್ಲಿಂದಲೇ. ವರ್ಷಕ್ಕೆ ಸುಮಾರು 3 ಚದರ ಕಿಲೋಮೀಟರ್ ಹೊಸ ಕಡಲತಳ ಇಲ್ಲಿ ಹುಟ್ಟುತ್ತದೆ.

ಒತ್ತಡ ಇಳಿದರೆ ಕಲ್ಲು ಕರಗುತ್ತದೆ

ಭೂಮಿಯ ಹೊರಚಿಪ್ಪಿನ ಕೆಳಗಿರುವ ಮ್ಯಾಂಟಲ್ ಎಂಬ ಭಾಗ ಕುದಿಯುವ ಲಾವಾದ ಸಮುದ್ರ ಎಂಬ ಕಲ್ಪನೆ ಅನೇಕರಲ್ಲಿದೆ. ನಿಜಕ್ಕೂ ಮ್ಯಾಂಟಲ್ ಗಟ್ಟಿ ಕಲ್ಲು. 1,300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಯಲ್ಲೂ ಅದು ಗಟ್ಟಿಯಾಗಿ ಉಳಿಯುವುದಕ್ಕೆ ಮೇಲಿನ ಭಾರವೇ ಕಾರಣ. ಪ್ರೆಷರ್ ಕುಕ್ಕರಿನಲ್ಲಿ ನೀರು 100 ಡಿಗ್ರಿ ದಾಟಿದರೂ ಒತ್ತಡದಿಂದಾಗಿ ಕುದಿಯದೆ ಇರುತ್ತದೆ, ಒತ್ತಡ ಸಡಿಲಿಸಿದೊಡನೆ ಉಕ್ಕುತ್ತದೆ. ಏಣಿನ ಅಡಿಯಲ್ಲೂ ಹೀಗೇ. ಎರಡು ಫಲಕಗಳು ದೂರ ಸರಿದಾಗ ನಡುವಿನ ತೆರವನ್ನು ತುಂಬಲು ಮ್ಯಾಂಟಲಿನ ಕಲ್ಲು ನಿಧಾನವಾಗಿ ಮೇಲೇರುತ್ತದೆ. ಏರಿದಂತೆ ಒತ್ತಡ ಇಳಿಯುತ್ತದೆ, ಬಿಸಿ ಮಾತ್ರ ಹೆಚ್ಚೇನೂ ತಗ್ಗುವುದಿಲ್ಲ. ಹೊಸ ಶಾಖ ಬೇಕಿಲ್ಲದೆಯೇ ಕಲ್ಲಿನ ಸುಮಾರು ಹತ್ತನೆಯ ಒಂದು ಪಾಲು ಕರಗಿ, ಹಗುರವಾದ ಆ ಪಾಕ ಮೇಲಕ್ಕೆ ನುಸುಳುತ್ತದೆ.

ಹೀಗೆ ಬಂದ ಪಾಕ ಆರಿದಾಗ ಆಗುವುದು ಬಸಾಲ್ಟ್. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಸೀಮೆಯವರಿಗೆ ಈ ಕಪ್ಪು ಕಲ್ಲು ಹೊಸದಲ್ಲ. ಅಲ್ಲಿನ ಎರೆಮಣ್ಣು ಅದೇ ಕಲ್ಲು ಶಿಥಿಲಗೊಂಡು ಆದದ್ದು. ಆದರೆ ದಖ್ಖನ್ನಿನ ಬಸಾಲ್ಟ್ ಆರೂವರೆ ಕೋಟಿ ವರ್ಷಗಳ ಹಿಂದೆ ಒಂದು ಕಾಲಘಟ್ಟದಲ್ಲಿ ನೆಲದ ಮೇಲೆ ಉಕ್ಕಿ ಹರಿದು ನಿಂತುಹೋಯಿತು. ಕಡಲತಳದ ಬಸಾಲ್ಟ್ ಇಂದಿಗೂ ತಯಾರಾಗುತ್ತಿದೆ.

ಬಿರುಕಿನಲ್ಲಿ ಹುಟ್ಟಿದ ನೆಲ ಎರಡೂ ಬದಿಗೆ ಸರಿಯುತ್ತ ಹೋಗುತ್ತದೆ, ತಣ್ಣಗಾಗುತ್ತದೆ, ಕುಗ್ಗಿ ಸಾಂದ್ರತೆ ಹೆಚ್ಚಿಸಿಕೊಂಡು ತಗ್ಗುತ್ತದೆ. ಏಣಿನ ಬಳಿ ಕಡಲಿನ ಆಳ ಎರಡೂವರೆ ಕಿಲೋಮೀಟರ್ ಇದ್ದರೆ, ಹತ್ತಾರು ಕೋಟಿ ವರ್ಷ ಹಳೆಯ ತಳದ ಮೇಲೆ ಐದೂವರೆ ಕಿಲೋಮೀಟರಿಗೂ ಮಿಕ್ಕುತ್ತದೆ. ಕೊನೆಗೆ ಆ ನೆಲ ಇನ್ನೊಂದು ಫಲಕದ ಅಡಿಗೆ ನುಗ್ಗಿ ಮ್ಯಾಂಟಲಿಗೆ ಮರಳುತ್ತದೆ. ಹಾಗಾಗಿ ಮಹಾಸಾಗರಗಳ ತಳದಲ್ಲಿ 20 ಕೋಟಿ ವರ್ಷಕ್ಕಿಂತ ಹಳೆಯ ಕಲ್ಲು ಸಿಗುವುದು ತೀರ ಅಪರೂಪ. ನಮ್ಮ ಹಾಸನ ಜಿಲ್ಲೆಯ ಗೊರೂರಿನ ಸುತ್ತಮುತ್ತ ಇರುವ ನೈಸ್ ಶಿಲೆಗಳ ವಯಸ್ಸು 330 ಕೋಟಿ ವರ್ಷ. ಗೊರೂರಿನ ಬಂಡೆಯ ಮುಂದೆ ಇಡೀ ಅರಬ್ಬೀ ಸಮುದ್ರದ ತಳ ಹಸುಗೂಸು.

ನಕ್ಷೆಯಲ್ಲಿ ಕಂಡ ಕಣಿವೆ

ಅಟ್ಲಾಂಟಿಕ್ ನಡುವೆ ಕಡಲತಳ ಉಬ್ಬಿದೆ ಎಂಬ ಸುಳಿವು ಬ್ರಿಟನ್ನಿನ 'ಚಾಲೆಂಜರ್' ಹಡಗಿನ ಯಾನದಲ್ಲಿಯೇ, ಅಂದರೆ 1872ರಿಂದ 1876ರ ನಡುವೆಯೇ ಸಿಕ್ಕಿತ್ತು. ಆಗ ಹಗ್ಗಕ್ಕೆ ಭಾರ ಕಟ್ಟಿ ಇಳಿಬಿಟ್ಟು ಆಳ ಅಳೆಯುತ್ತಿದ್ದರು. 1925ರಿಂದ 1927ರವರೆಗೆ ಜರ್ಮನಿಯ 'ಮಿಟಿಯೋರ್' ಹಡಗು ಶಬ್ದದ ಪ್ರತಿಧ್ವನಿಯಿಂದ ಆಳ ಅಳೆದು, ಅಲ್ಲಿರುವುದು ನುಣ್ಣನೆಯ ದಿಬ್ಬವಾಗಿರದೆ ಕಡಿದಾದ ಬೆಟ್ಟಸಾಲು ಎಂದು ತೋರಿಸಿತು.

ಆ ಬೆಟ್ಟಸಾಲಿನ ನೆತ್ತಿಯಲ್ಲಿ ಉದ್ದಕ್ಕೂ ಒಂದು ಸೀಳು ಇದೆ ಎಂದು ಗುರುತಿಸಿದವರು ಅಮೆರಿಕದ ಮೇರಿ ಥಾರ್ಪ್. ನ್ಯೂಯಾರ್ಕ್ ಬಳಿಯ ಲಾಮಾಂಟ್ ಭೂವೈಜ್ಞಾನಿಕ ವೀಕ್ಷಣಾಲಯದಲ್ಲಿ ಅವರದ್ದು ನಕ್ಷೆ ಬಿಡಿಸುವ ಕೆಲಸ. ಸಂಶೋಧನಾ ಹಡಗುಗಳಿಗೆ ಆ ಕಾಲದಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. ಸಹೋದ್ಯೋಗಿ ಬ್ರೂಸ್ ಹೀಜನ್ ಮೊದಲಾದವರು ಹಡಗಿನಲ್ಲಿ ಸಂಗ್ರಹಿಸಿ ತಂದ ಆಳದ ಅಂಕಿಗಳನ್ನು ಥಾರ್ಪ್ ಮೇಜಿನ ಮೇಲೆ ಹರಡಿಕೊಂಡು ಗೆರೆಯಾಗಿಸುತ್ತಿದ್ದರು. 1952ರಲ್ಲಿ ಉತ್ತರ ಅಟ್ಲಾಂಟಿಕ್‌ನ ಆರು ಅಡ್ಡಸೀಳು ಚಿತ್ರಗಳನ್ನು ಒಂದರ ಕೆಳಗೊಂದು ಇಟ್ಟಾಗ ಏಣಿನ ನೆತ್ತಿಯಲ್ಲಿ ಅದೇ ಜಾಗದಲ್ಲಿ ತಗ್ಗು ಮತ್ತೆ ಮತ್ತೆ ಕಂಡಿತು. ನೆಲ ಸೀಳಿ ದೂರವಾದಲ್ಲಿ ಮಾತ್ರ ಅಂಥ ಕಣಿವೆ ಬೀಳುತ್ತದೆ. ಖಂಡಗಳು ಚಲಿಸುತ್ತವೆ ಎಂಬ ಮಾತನ್ನು ಅಮೆರಿಕದ ಭೂವಿಜ್ಞಾನಿಗಳು ಆಗ ಗೇಲಿ ಮಾಡುತ್ತಿದ್ದರು. ಹೀಜನ್ ಕೂಡ ಥಾರ್ಪ್ ಮಾತನ್ನು ಹುಡುಗಿಯರ ಹರಟೆ ಎಂದು ತಳ್ಳಿಹಾಕಿದರು.

ಅದೇ ಕೋಣೆಯಲ್ಲಿ ಹೊವಾರ್ಡ್ ಫಾಸ್ಟರ್ ಎಂಬ ಇನ್ನೊಬ್ಬ ಸಹಾಯಕರು ಕಡಲಿನ ಭೂಕಂಪಗಳ ಕೇಂದ್ರಗಳನ್ನು ನಕ್ಷೆಯ ಮೇಲೆ ಗುರುತಿಸುತ್ತಿದ್ದರು. ಎರಡೂ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ, ಕಂಪನದ ಚುಕ್ಕೆಗಳೆಲ್ಲ ಥಾರ್ಪ್ ಗುರುತಿಸಿದ ಕಣಿವೆಯೊಳಗೇ ಬಿದ್ದಿದ್ದವು. ಹೀಜನ್ ಒಪ್ಪಿದರು. ಒಪ್ಪದೇ ಉಳಿದವರಲ್ಲಿ ಫ್ರಾನ್ಸಿನ ಖ್ಯಾತ ಸಾಗರಯಾನಿ ಜಾಕ್ ಕೂಸ್ತೋ ಒಬ್ಬರು. ಅವರು ಕ್ಯಾಮೆರಾ ಇಳಿಬಿಟ್ಟು ಅಟ್ಲಾಂಟಿಕ್‌ನ ತಳವನ್ನು ಚಿತ್ರೀಕರಿಸಿದರು. ಕಣಿವೆ ಅಲ್ಲೇ ಇತ್ತು. 1959ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಅಂತರರಾಷ್ಟ್ರೀಯ ಸಾಗರವಿಜ್ಞಾನ ಸಮ್ಮೇಳನದಲ್ಲಿ ಆ ಚಿತ್ರವನ್ನು ಅವರೇ ತೋರಿಸಿದರು.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಹ್ಯಾರಿ ಹೆಸ್ ಇದಕ್ಕೆಲ್ಲ ಒಂದು ವಿವರಣೆ ಕಟ್ಟಿದರು. ಏಣಿನಲ್ಲಿ ಕಡಲತಳ ಹುಟ್ಟಿ ಎರಡೂ ಕಡೆ ಸರಿಯುತ್ತದೆ, ಅಂಚಿನ ಕಂದಕಗಳಲ್ಲಿ ಮುಳುಗಿ ಮಾಯವಾಗುತ್ತದೆ ಎಂಬುದು 1962ರಲ್ಲಿ ಪ್ರಕಟವಾದ ಅವರ ಪ್ರಬಂಧದ ತಿರುಳು. 1961ರಲ್ಲೇ ರಾಬರ್ಟ್ ಡೀಟ್ಸ್ ಇದೇ ವಿಚಾರವನ್ನು ಮಂಡಿಸಿ, ಇದನ್ನು ಕಡಲತಳದ ಹರಡಿಕೆ ಎಂದು ಕರೆದಿದ್ದರು. ವಿಚಾರ ಸೊಗಸಾಗಿತ್ತು. ಸಾಕ್ಷಿ ಇರಲಿಲ್ಲ.

ಸಾಕ್ಷಿ ಸಿಕ್ಕಿದ್ದು ನಮ್ಮ ಕಡಲಿನಲ್ಲಿ

ಆ ಸಾಕ್ಷಿಯ ಮೊದಲ ತುಂಡು ಭಾರತದ ಪಶ್ಚಿಮಕ್ಕಿರುವ ನೀರಿನಿಂದಲೇ ಬಂತು. ಅರಬ್ಬೀ ಸಮುದ್ರದ ದಕ್ಷಿಣದಲ್ಲಿ ಕಾರ್ಲ್ಸ್‌ಬರ್ಗ್ ಏಣು ಎಂಬ ಸಾಗರಮಧ್ಯ ಬೆಟ್ಟಸಾಲು ಇದೆ. ಭಾರತದ ಫಲಕ ಮತ್ತು ಆಫ್ರಿಕಾ ಕಡೆಯ ಸೊಮಾಲಿ ಫಲಕ ಬೇರೆಯಾಗುವ ಗೆರೆ ಅದು. 1928ರಿಂದ 1930ರವರೆಗೆ ಲೋಕ ಸುತ್ತಿದ ಡೆನ್ಮಾರ್ಕಿನ 'ಡಾನಾ' ಹಡಗಿನವರು ಇದನ್ನು ಪತ್ತೆಹಚ್ಚಿ, ಯಾನಕ್ಕೆ ಹಣ ಕೊಟ್ಟ ಕಾರ್ಲ್ಸ್‌ಬರ್ಗ್ ಪ್ರತಿಷ್ಠಾನದ ಹೆಸರಿಟ್ಟರು.

1962ರ ನವೆಂಬರಿನಲ್ಲಿ ಬ್ರಿಟನ್ನಿನ 'ಓವೆನ್' ಹಡಗು ಈ ಏಣಿನ ಮೇಲೆ ಅತ್ತಿತ್ತ ಸಾಲುಗಟ್ಟಿ ಓಡಾಡುತ್ತ, ಹಿಂದೆ ಕಾಂತಮಾಪಕವನ್ನು ಎಳೆದುಕೊಂಡು ಹೋಯಿತು. ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಸಮೀಕ್ಷೆಯ ಭಾಗ ಅದು. ಕೇಂಬ್ರಿಜ್‌ನ ಡ್ರಮಂಡ್ ಮ್ಯಾಥ್ಯೂಸ್ ತಂದ ಆ ದತ್ತಾಂಶ ಅವರ ಸಂಶೋಧನಾ ವಿದ್ಯಾರ್ಥಿ ಫ್ರೆಡ್ ವೈನ್ ಕೈಸೇರಿತು.

ಬಸಾಲ್ಟಿನಲ್ಲಿ ಮ್ಯಾಗ್ನಟೈಟ್ ಜಾತಿಯ ಕಬ್ಬಿಣದ ಖನಿಜ ಇರುತ್ತದೆ. ಲಾವಾ ಆರುವಾಗ ಆ ಖನಿಜದ ಕಣಗಳು ಆ ಹೊತ್ತಿನ ಭೂಕಾಂತದ ದಿಕ್ಕನ್ನು ತಮ್ಮೊಳಗೆ ಕಾಯಂ ಮಾಡಿಕೊಳ್ಳುತ್ತವೆ. ಭೂಮಿಯ ಕಾಂತಕ್ಷೇತ್ರವಾದರೋ ಆಗಾಗ ತಿರುವುಮುರುವಾಗುತ್ತದೆ. ಫ್ರಾನ್ಸಿನ ಬರ್ನಾರ್ ಬ್ರೂನ್ ಇದರ ಗುರುತನ್ನು 1906ರಲ್ಲೇ ಕಲ್ಲಿನಲ್ಲಿ ಕಂಡಿದ್ದರು, ಜಪಾನಿನ ಮೊತೊನೋರಿ ಮತುಯಾಮಾ 1929ರಲ್ಲಿ ಇನ್ನಷ್ಟು ಸಾಕ್ಷಿ ಒದಗಿಸಿದ್ದರು. ಕೊನೆಯ ದೊಡ್ಡ ಪಲ್ಲಟ ಆದದ್ದು ಸುಮಾರು 7.8 ಲಕ್ಷ ವರ್ಷಗಳ ಹಿಂದೆ. ಅಮೆರಿಕದ ಪಶ್ಚಿಮ ಕರಾವಳಿಯ ಆಚೆ ಕಡಲತಳದಲ್ಲಿ ಕಾಂತಬಲ ಹೆಚ್ಚು–ಕಡಿಮೆಯಾಗುವ ಉದ್ದುದ್ದ ಪಟ್ಟೆಗಳು 1950ರ ದಶಕದಲ್ಲೇ ಕಂಡಿದ್ದವು. ಅವು ಯಾಕೆ ಹಾಗಿವೆ ಎಂಬುದಕ್ಕೆ ಮಾತ್ರ ಉತ್ತರ ಇರಲಿಲ್ಲ.

ವೈನ್ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದಾಗ ಕಾರ್ಲ್ಸ್‌ಬರ್ಗ್ ಏಣಿನ ಮೇಲಿನ ಎರಡು ಕಡಲಬೆಟ್ಟಗಳಲ್ಲಿ ಒಂದು ಇಂದಿನ ಕಾಂತದಿಕ್ಕಿನಲ್ಲಿ, ಇನ್ನೊಂದು ಅದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ ಕಾಂತಗೊಂಡಿದ್ದು ತಿಳಿಯಿತು. ಹಾಗಿದ್ದರೆ ಏಣಿನ ನೆತ್ತಿಯಲ್ಲಿ ಹುಟ್ಟಿದ ಲಾವಾ ಹುಟ್ಟಿದ ಕಾಲದ ಕಾಂತದಿಕ್ಕನ್ನು ಹೊತ್ತು ಎರಡೂ ಬದಿಗೆ ಸರಿಯುತ್ತಿರಬೇಕು, ಪಟ್ಟೆಗಳು ಆಗುವುದು ಹಾಗೆಯೇ ಎಂದು ವೈನ್ ಮತ್ತು ಮ್ಯಾಥ್ಯೂಸ್ 1963ರ ಸೆಪ್ಟೆಂಬರಿನ 'ನೇಚರ್' ಪತ್ರಿಕೆಯಲ್ಲಿ ಬರೆದರು. ಕೆನಡಾದ ಲಾರೆನ್ಸ್ ಮಾರ್ಲಿ ಅದೇ ವರ್ಷ ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದಿದ್ದರು. ಎರಡು ಪತ್ರಿಕೆಗಳು ಅವರ ಬರಹವನ್ನು ತಿರಸ್ಕರಿಸಿದವು. ಈಗ ಈ ಸಿದ್ಧಾಂತವನ್ನು ಮೂವರ ಹೆಸರಿನಿಂದಲೂ ಕರೆಯುತ್ತಾರೆ.

ಹಿಂಜರಿದವರು ಆಗಲೂ ಬಹಳ. ಅವರ ಅನುಮಾನ ತೀರಿಸಿದ್ದು 'ಎಲ್ಟಾನಿನ್' ಹಡಗು ಪೆಸಿಫಿಕ್ ಸಾಗರದ ದಕ್ಷಿಣ ತುದಿಯಲ್ಲಿ ದಾಖಲಿಸಿ ತಂದ ಒಂದು ಕಾಂತರೇಖೆ. ಲಾಮಾಂಟ್‌ನ ವಾಲ್ಟರ್ ಪಿಟ್‌ಮನ್ ಅದನ್ನು ಪರಿಶೀಲಿಸಿದಾಗ, ಏಣಿನ ಎಡಬಲಗಳ ಏರಿಳಿತಗಳು ಒಂದಕ್ಕೊಂದು ಚಾಚೂ ತಪ್ಪದೆ ಹೊಂದುತ್ತಿದ್ದವು. ಆಮೇಲೆ 'ಗ್ಲೋಮರ್ ಚಾಲೆಂಜರ್' ಹಡಗು 1968ರ ಕೊನೆಯಿಂದ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಏಣಿಗೆ ಅಡ್ಡಲಾಗಿ ಸಾಲು ಬಾವಿಗಳನ್ನು ಕೊರೆಯಿತು. ಬಸಾಲ್ಟಿನ ಮೇಲೆ ಕೂತ ಕೆಸರಿನ ವಯಸ್ಸು ಏಣಿನಿಂದ ದೂರ ಹೋದಷ್ಟೂ ಒಂದೇ ಪ್ರಮಾಣದಲ್ಲಿ ಏರುತ್ತಿತ್ತು. ಕಡಲತಳದ ಹರಡಿಕೆ ಅಲ್ಲಿಂದ ಮುಂದೆ ಊಹೆಯ ಪಟ್ಟಿಯಿಂದ ಹೊರಬಂತು.

ದಿಂಬಿನಾಕಾರದ ಲಾವಾ

ಏಣಿನ ಬಿರುಕಿಗೆ ಮನುಷ್ಯರು ಸ್ವತಃ ಇಳಿದದ್ದು 1973 ಮತ್ತು 1974ರಲ್ಲಿ. ಫ್ರಾನ್ಸ್ ಮತ್ತು ಅಮೆರಿಕ ಜೊತೆಗೂಡಿ ಅಝೋರ್ಸ್ ದ್ವೀಪಗಳ ನೈರುತ್ಯಕ್ಕೆ ನಡೆಸಿದ 'ಫೇಮಸ್' ಯೋಜನೆ ಅದು. ಫ್ರಾನ್ಸಿನ 'ಆರ್ಕಿಮೇಡ್', 'ಸಿಯಾನಾ' ಮತ್ತು ಅಮೆರಿಕದ 'ಆಲ್ವಿನ್' ಎಂಬ ಮೂರು ಜಲಾಂತರ ನೌಕೆಗಳು ಎರಡೂವರೆ ಕಿಲೋಮೀಟರಿಗೂ ಆಳಕ್ಕೆ ಇಳಿದವು. 'ಆಲ್ವಿನ್'ಗೆ ಅಷ್ಟು ಆಳದ ಒತ್ತಡ ತಡೆಯಲೆಂದೇ ಹೊಸದಾಗಿ ಟೈಟಾನಿಯಂ ಗೋಳ ಜೋಡಿಸಲಾಗಿತ್ತು. ಅಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ 250 ಕಿಲೋಗ್ರಾಮ್ ದಾಟುತ್ತದೆ.

ದೀಪದ ಬೆಳಕಿಗೆ ಕಂಡದ್ದು ಉರುಟುರುಟಾದ ಕಪ್ಪು ಬಂಡೆಗಳ ರಾಶಿ, ಅದರ ನಡುವೆ ಏಣಿಗೆ ಸಮಾನಾಂತರವಾಗಿ ಬಾಯ್ದೆರೆದ ಸೀಳುಗಳು. ಆ ಉರುಟು ಬಂಡೆಗಳಿಗೆ ದಿಂಬು ಲಾವಾ ಎಂದೇ ಹೆಸರು. 1,200 ಡಿಗ್ರಿಯ ಲಾವಾ ಹೆಪ್ಪುಗಟ್ಟುವ ಚಳಿಯ ನೀರಿಗೆ ಬಂದೊಡನೆ ಹೊರಪದರ ಗಾಜಾಗುತ್ತದೆ. ಒಳಗಿನ ಪಾಕ ಒತ್ತಿ ಆ ಪದರವನ್ನು ಉಬ್ಬಿಸುತ್ತದೆ, ಸೀಳುತ್ತದೆ, ಸೀಳಿನಿಂದ ಇನ್ನೊಂದು ಉಬ್ಬು ಹೊರಡುತ್ತದೆ. ನೀರಿನ ಒತ್ತಡದಿಂದಾಗಿ ಪಾಕದೊಳಗಿನ ಅನಿಲ ಹಿಗ್ಗಿ ಸಿಡಿಯಲಾಗದು. ಆದ್ದರಿಂದ ಆಳದ ಕಡಲಿನಲ್ಲಿ ಲಾವಾ ಹೆಚ್ಚಾಗಿ ಸದ್ದಿಲ್ಲದೆ ಹರಿಯುತ್ತದೆ.

ದಿಂಬು ಲಾವಾ ನೋಡಲು ಕನ್ನಡಿಗರು ಅಟ್ಲಾಂಟಿಕ್‌ಗೆ ಹೋಗಬೇಕಿಲ್ಲ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ಬಳಿ ಅದು ಬಯಲಲ್ಲೇ ಇದೆ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿ ಲಾವಾ ಹರಿದದ್ದಕ್ಕೆ ಆ ಬಂಡೆಗಳು ಸಾಕ್ಷಿ. ಇಂದು ಮಳೆಗಾಗಿ ಮುಗಿಲು ನೋಡುವ ಆ ಸೀಮೆ ಒಂದು ಕಾಲಕ್ಕೆ ನೀರಿನ ತಳ ಆಗಿತ್ತೆಂದು ಹೇಳಲು ಬೇರೆ ದಾಖಲೆ ಬೇಕಿಲ್ಲ.

ಗಾಜಿನಂಚು ಹೇಳುವ ಕತೆ

ಕಡಲತಳದ ಕಲ್ಲು ಮೇಲಕ್ಕೆ ತರುವ ಹಳೆಯ ದಾರಿ ಎಂದರೆ ಕಬ್ಬಿಣದ ಸರಪಳಿಯ ಚೀಲವನ್ನು ತಂತಿಗೆ ಕಟ್ಟಿ ತಳದ ಮೇಲೆ ಎಳೆಯುವುದು. ಮೇಣ ಹಚ್ಚಿದ ಭಾರವನ್ನು ರಭಸದಿಂದ ತಳಕ್ಕೆ ಬೀಳಿಸಿ, ಮೇಣಕ್ಕೆ ಅಂಟಿದ ಗಾಜಿನ ಚೂರುಗಳನ್ನು ಎತ್ತಿಕೊಳ್ಳುವ ಇನ್ನೊಂದು ಉಪಾಯವೂ ಇದೆ. ಒಂದು ಚಿಟಿಕೆ ಗಾಜು ಸಿಕ್ಕರೂ ರಸಾಯನ ಪರೀಕ್ಷೆಗೆ ಸಾಕು. ಈಗ ದೂರನಿಯಂತ್ರಿತ ಯಂತ್ರಗಳು ಬೇಕಾದ ಬಂಡೆಯನ್ನೇ ಆರಿಸಿ ಕೈಗೆ ಕೊಡುತ್ತವೆ.

ದಿಂಬಿನ ಒಳಭಾಗಕ್ಕಿಂತ ಹೊರಗಿನ ಗಾಜಿನ ಅಂಚಿಗೆ ಶಿಲಾವಿಜ್ಞಾನಿಗಳಲ್ಲಿ ಬೆಲೆ ಹೆಚ್ಚು. ಕ್ಷಣಮಾತ್ರದಲ್ಲಿ ಆರಿದ್ದರಿಂದ ಅದರಲ್ಲಿ ಹರಳು ಕಟ್ಟಲು ಸಮಯ ಸಿಕ್ಕಿರುವುದಿಲ್ಲ, ಪಾಕ ಹೊರಬಂದಾಗ ಹೇಗಿತ್ತೋ ಹಾಗೆಯೇ ಸೆರೆಯಾಗಿರುತ್ತದೆ. ಅದರಲ್ಲಿನ ಸೋಡಿಯಂ, ಕಬ್ಬಿಣದ ಪ್ರಮಾಣ ನೋಡಿ ಮ್ಯಾಂಟಲ್ ಎಷ್ಟು ಆಳದಲ್ಲಿ, ಎಷ್ಟು ಪಾಲು ಕರಗಿತ್ತು ಎಂದು ಅಂದಾಜಿಸುತ್ತಾರೆ. ನೀರು, ಇಂಗಾಲದ ಡೈಆಕ್ಸೈಡ್, ಹೀಲಿಯಂ ಕೂಡ ಅಲ್ಲಿ ಉಳಿದಿರುತ್ತವೆ. ಮಧ್ಯ ಅಟ್ಲಾಂಟಿಕ್ ಏಣಿನಲ್ಲಿ 14 ಡಿಗ್ರಿ ಉತ್ತರ ಅಕ್ಷಾಂಶದ ಬಳಿ ಎತ್ತಿದ ಕೆಲವು ಕಲ್ಲುಗಳು ಹಡಗಿನ ಅಟ್ಟದ ಮೇಲೆ ಚಟಪಟ ಸಿಡಿದವು. ಒತ್ತಡ ತಗ್ಗಿದೊಡನೆ ಒಳಗಿನ ಅನಿಲದ ಗುಳ್ಳೆಗಳು ಕಲ್ಲನ್ನೇ ಒಡೆದಿದ್ದವು. ಮ್ಯಾಂಟಲಿನ ಅನಿಲಗಳ ಬಗೆಗಿನ ತಿಳಿವಳಿಕೆಗೆ ಆ ಕಲ್ಲುಗಳು ಒಂದು ಮುಖ್ಯ ಆಧಾರ.

ಏಣುಗಳೆಲ್ಲ ಒಂದೇ ಬಗೆಯವಲ್ಲ. ಪೂರ್ವ ಪೆಸಿಫಿಕ್ ಏಣು ಕೆಲವೆಡೆ ವರ್ಷಕ್ಕೆ 15 ಸೆಂಟಿಮೀಟರ್ ವರೆಗೂ ಅಗಲುತ್ತದೆ. ಅಲ್ಲಿ ಪಾಕ ಧಾರಾಳವಾಗಿ ಸಿಗುವುದರಿಂದ ಆಳವಾದ ಕಣಿವೆ ಇಲ್ಲ. ಅಟ್ಲಾಂಟಿಕ್‌ನಲ್ಲಿ ಹರಡಿಕೆ ನಿಧಾನ, ಹಾಗಾಗಿ ಒಂದೆರಡು ಕಿಲೋಮೀಟರ್ ಆಳದ ಕಣಿವೆ. ಉತ್ತರ ಧ್ರುವದ ಮಂಜಿನಡಿ ಇರುವ ಗ್ಯಾಕೆಲ್ ಏಣು ವರ್ಷಕ್ಕೆ ಒಂದೂವರೆ ಸೆಂಟಿಮೀಟರಿಗೂ ಕಡಿಮೆ ಸರಿಯುತ್ತದೆ, ಅಲ್ಲಿ ಕೆಲವೆಡೆ ಬಸಾಲ್ಟ್ ಸಾಲದೆ ಮ್ಯಾಂಟಲಿನ ಕಲ್ಲೇ ತಳದಲ್ಲಿ ಬಯಲಾಗಿದೆ.

ಸಾಮಾನ್ಯವಾಗಿ ಕಡಲಚಿಪ್ಪಿನ ದಪ್ಪ ಆರೇಳು ಕಿಲೋಮೀಟರ್. ಮೇಲೆ ದಿಂಬು ಲಾವಾ, ಅದರ ಕೆಳಗೆ ಪಾಕ ಏರಿ ಬಂದ ನೆಟ್ಟನೆಯ ಬಿರುಕುಗಳಲ್ಲೇ ಗಟ್ಟಿಯಾದ ಗೋಡೆಗಳು, ಇನ್ನೂ ಕೆಳಗೆ ಪಾಕ ನಿಧಾನವಾಗಿ ಆರಿ ಆದ ಗ್ಯಾಬ್ರೋ ಎಂಬ ಕಲ್ಲು. ಈ ಜೋಡಣೆಯನ್ನು ಪೂರ್ತಿ ಕೊರೆದು ನೋಡಿದವರಿಲ್ಲ. ಆದರೆ ಫಲಕಗಳು ಡಿಕ್ಕಿ ಹೊಡೆದಾಗ ಕಡಲಚಿಪ್ಪಿನ ಚೂರುಗಳು ನೆಲದ ಮೇಲಕ್ಕೆ ತಳ್ಳಲ್ಪಟ್ಟ ಜಾಗಗಳಿವೆ. ಸೈಪ್ರಸ್‌ನ ಟ್ರೂಡೋಸ್ ಬೆಟ್ಟಗಳಲ್ಲಿ, ಒಮಾನಿನಲ್ಲಿ, ಭಾರತದಲ್ಲೇ ಲಡಾಖ್ ಮತ್ತು ಅಂಡಮಾನಿನಲ್ಲಿ ಈ ಕಲ್ಲುಗಳನ್ನು ನಡೆದುಕೊಂಡು ಹೋಗಿ ನೋಡಬಹುದು.

ಹುಟ್ಟಿನ ಹೊತ್ತಿಗೆ ಹಾಜರು

1991ರ ಏಪ್ರಿಲ್‌ನಲ್ಲಿ 'ಆಲ್ವಿನ್' ಪೂರ್ವ ಪೆಸಿಫಿಕ್ ಏಣಿನ 9 ಡಿಗ್ರಿ 50 ನಿಮಿಷ ಉತ್ತರದಲ್ಲಿ ಇಳಿದಾಗ ಹೊಳೆಯುವ ಹೊಚ್ಚಹೊಸ ಲಾವಾ, ಅದರಡಿ ಸುಟ್ಟುಹೋದ, ಕಡಲತಳದ ಬಿಸಿನೀರಿನ ಊಟೆಗಳ ಬಳಿ ಬದುಕುವ ಕೊಳವೆಹುಳುಗಳು ಕಂಡವು. ಸ್ಫೋಟ ಯಾವಾಗ ಆಗಿರಬೇಕು ಎಂಬ ಪ್ರಶ್ನೆಗೆ ಕಲ್ಲೇ ಉತ್ತರ ಕೊಟ್ಟಿತು. ಲಾವಾ ಹೊರಬರುವಾಗ ಅದರಲ್ಲಿನ ಪೊಲೋನಿಯಂ–210 ಅನಿಲವಾಗಿ ತಪ್ಪಿಸಿಕೊಳ್ಳುತ್ತದೆ. ಆಮೇಲೆ ಕಲ್ಲಿನಲ್ಲೇ ಉಳಿದ ಸೀಸ–210ರಿಂದ ಅದು ಪುನಃ ಹುಟ್ಟುತ್ತ ಹೋಗುತ್ತದೆ, ಅದರ ಅರ್ಧಾಯುಷ್ಯ 138 ದಿನ. ಹವಾಯಿ ವಿಶ್ವವಿದ್ಯಾಲಯದ ಕೆನ್ ರೂಬಿನ್ ಮತ್ತು ಸಂಗಡಿಗರು ತಿಂಗಳುಗಟ್ಟಲೆ ಆ ಬೆಳವಣಿಗೆಯನ್ನು ಅಳೆದು, ಲಾವಾದ ಒಂದು ಭಾಗ ವಿಜ್ಞಾನಿಗಳು ಇಳಿಯುವ ಕೆಲವೇ ವಾರಗಳ ಅಂತರದಲ್ಲಿ ಹೊರಬಂದದ್ದೆಂದು ಸಾಧಿಸಿದರು. ಕೋಟಿ ವರ್ಷಗಳ ಲೆಕ್ಕಕ್ಕೆ ಒಗ್ಗಿದ ಭೂವಿಜ್ಞಾನದಲ್ಲಿ ವಾರಗಳ ಲೆಕ್ಕ ದೊಡ್ಡ ಸಾಧನೆ. ಅದೇ ಜಾಗದಲ್ಲಿ 2005–06ರಲ್ಲಿ ಮತ್ತೆ ಲಾವಾ ಉಕ್ಕಿ, ತಳದಲ್ಲಿ ಇಟ್ಟಿದ್ದ ಕೆಲವು ಭೂಕಂಪಮಾಪಕಗಳೇ ಅದರಲ್ಲಿ ಹೂತುಹೋದವು.

ಅಮೆರಿಕದ ಓರೆಗಾನ್ ತೀರದಿಂದ ಸುಮಾರು 480 ಕಿಲೋಮೀಟರ್ ದೂರದ ಆಕ್ಸಿಯಲ್ ಕಡಲಬೆಟ್ಟಕ್ಕೆ ಈಗ ದಡದಿಂದಲೇ ಕೇಬಲ್ ಎಳೆಯಲಾಗಿದೆ. 1998, 2011ರಲ್ಲಿ ಅದು ಲಾವಾ ಉಗುಳಿತ್ತು. ತಳ ಉಬ್ಬುತ್ತಿರುವ ಬಗೆ ನೋಡಿ ವಿಜ್ಞಾನಿಗಳಾದ ಬಿಲ್ ಚಾಡ್ವಿಕ್ ಮತ್ತು ಸ್ಕಾಟ್ ನೂನರ್ 2015ರಲ್ಲಿ ಮತ್ತೆ ಸಿಡಿಯಬಹುದೆಂದು ಮುಂಚೆಯೇ ಹೇಳಿದ್ದರು. ಆ ವರ್ಷದ ಏಪ್ರಿಲ್ 24ರಂದು ಅದು ಸಿಡಿಯಿತು. ತಳ ಎರಡು ಮೀಟರಿಗೂ ಹೆಚ್ಚು ಕುಸಿದದ್ದು ದಡದಲ್ಲಿ ಕೂತವರಿಗೆ ಆಗಿಂದಾಗಲೇ ತಿಳಿಯಿತು.

ಇನ್ನೂ ಸಾಗರವಾಗದ ಬಿರುಕುಗಳೂ ಇವೆ. ಇಥಿಯೋಪಿಯಾದ ಅಫಾರ್ ಮರುಭೂಮಿಯಲ್ಲಿ 2005ರ ಸೆಪ್ಟೆಂಬರಿನಲ್ಲಿ ಕೆಲವೇ ವಾರಗಳೊಳಗೆ 60 ಕಿಲೋಮೀಟರ್ ಉದ್ದಕ್ಕೆ ನೆಲ ಬಿರಿಯಿತು, ಅಗಲ ಕೆಲವೆಡೆ 8 ಮೀಟರ್. ಭಾರತದ ಪಶ್ಚಿಮ ಅಂಚೂ ಒಂದು ಕಾಲಕ್ಕೆ ಹೀಗೆಯೇ ಬಿರಿದಿತ್ತು. ಉಡುಪಿಯ ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪಗಳ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಕಳಚಿಕೊಂಡ ಹೊತ್ತಿನಲ್ಲಿ ಉಕ್ಕಿದ ಲಾವಾ. ಅವನ್ನು ಬಸಾಲ್ಟ್ ಎಂದು ಕರೆಯುವುದು ರೂಢಿ, ರಾಸಾಯನಿಕವಾಗಿ ಅವು ಸಿಲಿಕಾ ಹೆಚ್ಚಿರುವ ರಯೋಲೈಟ್–ಡೇಸೈಟ್ ಜಾತಿಯವು. ಮುಂದೆ ಸೆಶೆಲ್ಸ್ ಕೂಡ ಬೇರೆಯಾಗಿ, ಕಾರ್ಲ್ಸ್‌ಬರ್ಗ್ ಏಣು ತನ್ನ ಕೆಲಸ ಶುರುಮಾಡಿತು. ಕರಾವಳಿಯ ಮೀನುಗಾರರು ದೋಣಿ ನಡೆಸುವ ಕಡಲು ಹುಟ್ಟಿದ್ದು ಹೀಗೆ.

ಬಿಸಿನೀರಿನ ಊಟೆ, ಅದಿರಿನ ಆಸೆ

1977ರ ಫೆಬ್ರವರಿಯಲ್ಲಿ ಗಲಾಪಗೋಸ್ ಬಳಿಯ ಏಣಿನಲ್ಲಿ ಎರಡೂವರೆ ಕಿಲೋಮೀಟರ್ ಆಳದಲ್ಲಿ ಬಿಸಿನೀರಿನ ಊಟೆಗಳು ಪತ್ತೆಯಾದವು. ಬಿರುಕುಗಳಲ್ಲಿ ಇಳಿದ ಕಡಲನೀರು ಪಾಕದ ಶಾಖಕ್ಕೆ ಕಾಯುತ್ತದೆ, ಬಸಾಲ್ಟಿನಿಂದ ತಾಮ್ರ, ಸತು, ಕಬ್ಬಿಣ, ಗಂಧಕಗಳನ್ನು ಬಸಿದುಕೊಂಡು ಮೇಲೆ ಚಿಮ್ಮುತ್ತದೆ. ಹೋದವರೆಲ್ಲ ಭೂವಿಜ್ಞಾನಿಗಳು, ರಸಾಯನವಿಜ್ಞಾನಿಗಳು. ಅವರ ಕಣ್ಣಿಗೆ ಬಿದ್ದದ್ದು ಬಿಸಿಲನ್ನೇ ಕಾಣದ ಜೀವಲೋಕ: ಕೊಳವೆಹುಳು, ದೊಡ್ಡ ಚಿಪ್ಪುಜೀವಿಗಳು, ಹೈಡ್ರೋಜನ್ ಸಲ್ಫೈಡಿನಿಂದ ಶಕ್ತಿ ಪಡೆಯುವ ಬ್ಯಾಕ್ಟೀರಿಯಾ. 1979ರಲ್ಲಿ ಪೂರ್ವ ಪೆಸಿಫಿಕ್ ಏಣಿನಲ್ಲಿ ಕಪ್ಪು ಹೊಗೆಯಂತೆ ನೀರು ಉಗುಳುವ ಗೂಡುಗಳು ಸಿಕ್ಕವು. ಅಲ್ಲಿನ ನೀರಿನ ಬಿಸಿ 350 ಡಿಗ್ರಿಗೂ ಮೇಲೆ. ಈ ಗೂಡುಗಳ ಗೋಡೆಯೇ ಲೋಹದ ಸಲ್ಫೈಡ್ ಅದಿರು.

ಹಿಂದೂ ಮಹಾಸಾಗರದಲ್ಲಿ ಅಂಥ ಊಟೆ ಮೊದಲು ಕಣ್ಣಿಗೆ ಬಿದ್ದದ್ದು 2000ದಲ್ಲಿ. ಮಧ್ಯ ಹಿಂದೂ ಮಹಾಸಾಗರ ಏಣಿನ ಆ ಜಾಗಕ್ಕೆ ಜಪಾನೀ ಸಂಶೋಧಕರು ಕೈರೇ ಎಂದು ಹೆಸರಿಟ್ಟರು. ಮರುವರ್ಷ ಅಲ್ಲೇ ಪಾದದ ಮೇಲೆ ಕಬ್ಬಿಣದ ಸಲ್ಫೈಡಿನ ಹುರುಪೆ ಹೊದ್ದ ಬಸವನಹುಳು ಸಿಕ್ಕಿತು. ಬೇರಾವ ಸಾಗರದಲ್ಲೂ ಅದು ಕಂಡಿಲ್ಲ. ಗಣಿಗಾರಿಕೆಯ ಭೀತಿಯ ಕಾರಣಕ್ಕೆ 2019ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

ಭಾರತ ಈ ಏಣುಗಳಿಗೆ ಹೊರಗಿನ ದೇಶವಾಗಿ ಉಳಿದಿಲ್ಲ. ಮಧ್ಯ ಮತ್ತು ನೈರುತ್ಯ ಹಿಂದೂ ಮಹಾಸಾಗರ ಏಣುಗಳಲ್ಲಿ 10,000 ಚದರ ಕಿಲೋಮೀಟರ್ ಪ್ರದೇಶದಲ್ಲಿ ಸಲ್ಫೈಡ್ ಅದಿರಿನ ಅನ್ವೇಷಣೆಗೆ ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರದೊಂದಿಗೆ 2016ರಲ್ಲಿ 15 ವರ್ಷಗಳ ಒಪ್ಪಂದವಾಗಿದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮತ್ತು ಗೋವಾದ ರಾಷ್ಟ್ರೀಯ ಧ್ರುವ ಹಾಗೂ ಸಾಗರ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2024ರ ಡಿಸೆಂಬರಿನಲ್ಲಿ ಸುಮಾರು 4,500 ಮೀಟರ್ ಆಳದ ಸಕ್ರಿಯ ಊಟೆಯೊಂದರ ಚಿತ್ರಗಳನ್ನು ತಂದರು. 2025ರಲ್ಲಿ ಕಾರ್ಲ್ಸ್‌ಬರ್ಗ್ ಏಣಿನ ಅನ್ವೇಷಣೆಗೂ ಎರಡನೆಯ ಒಪ್ಪಂದ ಆಯಿತು.

ಎರಡೂ ಒಪ್ಪಂದಗಳು ಅನ್ವೇಷಣೆಗೆ ಮಾತ್ರ, ಅಗೆತಕ್ಕಲ್ಲ. ಆ ವ್ಯತ್ಯಾಸವನ್ನು ಕಟ್ಟುನಿಟ್ಟಾಗಿ ಉಳಿಸಿಕೊಳ್ಳಬೇಕು. ಪರಿಣಾಮದ ಲೆಕ್ಕ ಹಾಕದೆ ಅದಿರು ಅಗೆದರೆ ಏನಾಗುತ್ತದೆ ಎಂಬುದನ್ನು ಬಳ್ಳಾರಿ–ಸಂಡೂರಿನಲ್ಲಿ ಕರ್ನಾಟಕ ಕಂಡಿದೆ, 2011ರಲ್ಲಿ ಸುಪ್ರೀಂ ಕೋರ್ಟೇ ಗಣಿಗಾರಿಕೆ ನಿಲ್ಲಿಸಬೇಕಾಯಿತು. ನಾಲ್ಕು ಕಿಲೋಮೀಟರ್ ಆಳದಲ್ಲಿ ಆಗುವ ಹಾನಿಯನ್ನು ನೋಡಿ ದೂರು ಕೊಡುವ ಊರಿನವರೂ ಇರುವುದಿಲ್ಲ. ಹಾಗಾಗಿ ಈ ಏಣುಗಳಿಂದ ಬರುವ ಕಲ್ಲು, ಜೀವಿ, ನಕ್ಷೆಗಳ ಮಾಹಿತಿ ನಮ್ಮ ವಿಶ್ವವಿದ್ಯಾಲಯಗಳ ಭೂವಿಜ್ಞಾನ ವಿಭಾಗಗಳಿಗೆ, ಜೀವಶಾಸ್ತ್ರ ವಿಭಾಗಗಳಿಗೆ ಮುಕ್ತವಾಗಿ ಸಿಗಬೇಕು. ಯಾವ ಊಟೆ ಜೀವಂತ, ಯಾವುದು ತಣಿದಿದೆ, ಎಲ್ಲಿ ಯಾವ ಜೀವಿ ನೆಲೆಸಿದೆ ಎಂಬುದು ಪೂರ್ತಿ ದಾಖಲಾಗುವ ತನಕ ಕಾರ್ಲ್ಸ್‌ಬರ್ಗ್ ಏಣಿನ ಒಂದು ಟನ್ ಅದಿರನ್ನೂ ವ್ಯಾಪಾರಕ್ಕೆಂದು ಮೇಲೆತ್ತಬಾರದು.